ಪ್ರಶ್ನೋತ್ತರ: ವಿಶ್ವವಿದ್ಯಾಲಯಗಳಲ್ಲಿ ಜೀವವಿಜ್ಞಾನದ ಪಾಠ ಬೆಳೆದು ಬಂದ ಬಗೆ

ಪ್ರಶ್ನೆ: ವಿಶ್ವವಿದ್ಯಾಲಯಗಳಲ್ಲಿ ಜೀವವಿಜ್ಞಾನವನ್ನು ಒಂದು ಸ್ವತಂತ್ರ ವಿಷಯವಾಗಿ ಕಲಿಸಲು ಆರಂಭಿಸಿದ್ದು ಯಾವಾಗ? ಅದಕ್ಕೂ ಮೊದಲು ಸಸ್ಯ, ಪ್ರಾಣಿಗಳ ಬಗ್ಗೆ ಪಾಠವೇ ಇರಲಿಲ್ಲವೇ?

ಉತ್ತರ: ಪಾಠವಿತ್ತು, ಆದರೆ ಅದು ವೈದ್ಯಶಾಸ್ತ್ರದ ಆಶ್ರಯದಲ್ಲಿತ್ತು. ಔಷಧ ಕೊಡುವವನಿಗೆ ಗಿಡಮೂಲಿಕೆಗಳ ಪರಿಚಯ ಬೇಕು, ಚಿಕಿತ್ಸೆ ಮಾಡುವವನಿಗೆ ದೇಹದ ರಚನೆ ತಿಳಿದಿರಬೇಕು ಎಂಬ ಕಾರಣದಿಂದ ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳು ಇವೆರಡನ್ನೂ ಮುಖ್ಯವಾಗಿ ವೈದ್ಯವಿದ್ಯಾರ್ಥಿಗಳಿಗೆಂದೇ ಕಲಿಸುತ್ತಿದ್ದವು. ಇಟಲಿಯ ಪಾದುವಾದಲ್ಲಿ 1533ರಲ್ಲಿ ಔಷಧೀಯ ದ್ರವ್ಯಗಳ ಬೋಧನೆಗಾಗಿ ಪ್ರತ್ಯೇಕ ಪೀಠವೊಂದು ಸ್ಥಾಪನೆಯಾಗಿ, ಫ್ರಾಂಚೆಸ್ಕೊ ಬೊನಾಫೆದೆ ಅದನ್ನು ವಹಿಸಿಕೊಂಡರು. ಪ್ರಾಚೀನ ಗ್ರಂಥಗಳ ವರ್ಣನೆಯಿಂದ ಗಿಡವನ್ನು ಗುರುತಿಸುವುದು ಕಷ್ಟ. ಒಂದನ್ನು ಇನ್ನೊಂದೆಂದು ಭಾವಿಸಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಜೀವಂತ ಗಿಡವನ್ನೇ ತೋರಿಸಿ ಕಲಿಸುವುದಕ್ಕಾಗಿ ಅಲ್ಲಿ 1545ರಲ್ಲಿ ಸಸ್ಯೋದ್ಯಾನವನ್ನು ನಿರ್ಮಿಸಲಾಯಿತು. ಬೆಲೆಬಾಳುವ ಗಿಡಗಳು ಪದೇ ಪದೇ ಕಳುವಾಗುತ್ತಿದ್ದುದರಿಂದ ಅದರ ಸುತ್ತ ವೃತ್ತಾಕಾರದ ಗೋಡೆಯನ್ನೂ ಎಬ್ಬಿಸಬೇಕಾಯಿತು. ಆ ಉದ್ಯಾನ ಇಂದಿಗೂ ಅದೇ ಜಾಗದಲ್ಲಿದೆ. ಸುಮಾರು ಅದೇ ಕಾಲದಲ್ಲಿ ಬೊಲೊನ್ಯಾ ಮತ್ತು ಪೀಸಾಗಳಲ್ಲಿ ಬೋಧಿಸುತ್ತಿದ್ದ ಲೂಕಾ ಗಿನಿ, ಗಿಡಗಳನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸುವ ಪದ್ಧತಿಯನ್ನು ಬಳಕೆಗೆ ತಂದರು. ಇದರಿಂದ ಚಳಿಗಾಲದಲ್ಲೂ ಪಾಠ ಮುಂದುವರಿಸುವುದು ಸಾಧ್ಯವಾಯಿತು.

ದೇಹರಚನೆಯ ಪಾಠದಲ್ಲೂ ಇಂಥದೇ ಬದಲಾವಣೆಯಾಯಿತು. ಅಧ್ಯಾಪಕರು ಎತ್ತರದ ಪೀಠದಲ್ಲಿ ಕುಳಿತು ಗ್ರಂಥವನ್ನು ಓದುವುದು, ಕೆಳಗೆ ಸಹಾಯಕನೊಬ್ಬ ಶವವನ್ನು ಸೀಳಿ ತೋರಿಸುವುದು ಹಿಂದಿನ ರೂಢಿ. 1537ರಲ್ಲಿ ಪಾದುವಾದ ಅಧ್ಯಾಪಕರಾದ ವೆಸೇಲಿಯಸ್ ಪೀಠದಿಂದ ಇಳಿದು ಬಂದು ತಾವೇ ಕತ್ತಿ ಹಿಡಿದರು. ಗ್ರಂಥಕ್ಕೂ ಕಣ್ಣೆದುರಿನ ದೇಹಕ್ಕೂ ತಾಳೆಯಾಗದಿದ್ದರೆ ಗ್ರಂಥವನ್ನೇ ತಿದ್ದಬೇಕು ಎಂಬ ಧೈರ್ಯ ತರಗತಿಯೊಳಗೆ ಬಂದದ್ದು ಹೀಗೆ. ಮುಂದಿನ ಎಲ್ಲ ಬೆಳವಣಿಗೆಗೂ ಇದೇ ಬುನಾದಿ ಎಂದು ನಾನು ತಿಳಿದಿದ್ದೇನೆ.

ಸ್ವೀಡನ್ನಿನ ಉಪ್ಸಾಲಾದಲ್ಲಿ 1741ರಿಂದ ಪಾಠ ಹೇಳಿದ ಲಿನೇಯಸ್ ಕೂಡ ವೈದ್ಯಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. ಅವರು ವಿದ್ಯಾರ್ಥಿಗಳ ದೊಡ್ಡ ಗುಂಪನ್ನು ಊರಿನ ಹೊರವಲಯಕ್ಕೆ ಕರೆದೊಯ್ದು, ಸಿಕ್ಕ ಗಿಡ, ಕೀಟ, ಹಕ್ಕಿಗಳನ್ನು ಅಲ್ಲಲ್ಲೇ ವಿವರಿಸುತ್ತಿದ್ದರು. ಸಂಜೆ ಆ ಗುಂಪು ಕಹಳೆ, ನಗಾರಿಗಳೊಂದಿಗೆ ಮೆರವಣಿಗೆಯಲ್ಲಿ ಹಿಂದಿರುಗುತ್ತಿತ್ತು.

ಇಷ್ಟಾದರೂ ಸಸ್ಯ ಮತ್ತು ಪ್ರಾಣಿಗಳನ್ನು ಒಂದೇ ವಿಷಯವೆಂದು ಕಲಿಸಲು ತಕ್ಕ ಆಧಾರವೊಂದು ಬೇಕಿತ್ತು. ಸಸ್ಯದ ಒಡಲೂ ಪ್ರಾಣಿಯ ಒಡಲೂ ಜೀವಕೋಶಗಳಿಂದಲೇ ಆಗಿವೆ ಎಂಬ ಸಿದ್ಧಾಂತ 1838–39ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಅವರಿಂದ ರೂಪುಗೊಂಡಿತು. 1859ರಲ್ಲಿ ಡಾರ್ವಿನ್ನರ ವಿಕಾಸವಾದವು ಎಲ್ಲ ಜೀವಿಗಳನ್ನೂ ಒಂದು ವಂಶಾವಳಿಯೊಳಗೆ ತಂದಿತು. ಈ ಎರಡು ವಿಚಾರಗಳ ಬಲದಿಂದ ಜೀವವಿಜ್ಞಾನ ಒಂದು ಅಖಂಡ ವಿಷಯವಾಗಿ ತರಗತಿಗೆ ಬಂದದ್ದು ಮುಖ್ಯವಾಗಿ 1870ರ ದಶಕದಲ್ಲಿ.

ಪ್ರಶ್ನೆ: ಯೀಸ್ಟ್, ಅಮೀಬಾ, ಹೈಡ್ರಾ, ಜರಿಗಿಡ, ಕಪ್ಪೆ. ಎಲ್ಲಿ ಓದಿದರೂ ಇವೇ ಕೆಲವು ಜೀವಿಗಳು ಪಠ್ಯದಲ್ಲಿ ಎದುರಾಗುತ್ತವೆ. ಇವನ್ನು ಆರಿಸಿದವರು ಯಾರು?

ಉತ್ತರ: ಇದರ ಹಿಂದೆ ಮುಖ್ಯವಾಗಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಇದ್ದಾರೆ. 1870ರ ದಶಕದ ಆರಂಭದಲ್ಲಿ ಅವರು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶಾಲಾ ಅಧ್ಯಾಪಕರಿಗಾಗಿ ಬೇಸಿಗೆ ತರಗತಿಗಳನ್ನು ನಡೆಸಿದರು. ಮೊದಲು ಹಕ್ಸ್‌ಲಿಯವರ ಉಪನ್ಯಾಸ. ಬಳಿಕ ಅದರಲ್ಲಿ ಕೇಳಿದ್ದನ್ನು ಪ್ರತಿಯೊಬ್ಬರೂ ಸೂಕ್ಷ್ಮದರ್ಶಕದ ಕೆಳಗೆ ಸ್ವತಃ ನೋಡಿ, ಛೇದಿಸಿ, ಚಿತ್ರ ಬರೆಯಬೇಕಿತ್ತು. ಮೈಕೆಲ್ ಫಾಸ್ಟರ್, ರೇ ಲ್ಯಾಂಕೆಸ್ಟರ್ ಮೊದಲಾದವರು ಮೇಜಿನಿಂದ ಮೇಜಿಗೆ ಹೋಗಿ ನೆರವಾಗುತ್ತಿದ್ದರು. ಸಾವಿರಾರು ಪ್ರಭೇದಗಳನ್ನು ಮೇಲಿಂದ ಮೇಲೆ ಹೇಳಿ ಮುಗಿಸುವುದಕ್ಕಿಂತ, ಒಂದೊಂದು ಗುಂಪಿಗೂ ಪ್ರತಿನಿಧಿಯಂತಿರುವ, ಸುಲಭವಾಗಿ ಸಿಗುವ ಕೆಲವೇ ಜೀವಿಗಳನ್ನು ಆಳವಾಗಿ ಅಭ್ಯಸಿಸುವುದು ಮೇಲು ಎಂಬುದು ಅವರ ನಿಲುವಾಗಿತ್ತು.

ಹೆನ್ರಿ ನ್ಯೂವೆಲ್ ಮಾರ್ಟಿನ್ ಅವರ ನೆರವಿನೊಂದಿಗೆ 1875ರಲ್ಲಿ ಈ ಪಾಠಕ್ರಮ ಪುಸ್ತಕವಾಗಿ ಬಂತು. ಅದು ಯೀಸ್ಟ್‌ನಿಂದ ಆರಂಭವಾಗಿ ಕಪ್ಪೆಯಲ್ಲಿ ಮುಗಿಯುತ್ತಿತ್ತು. ಮರುವರ್ಷವೇ ಮಾರ್ಟಿನ್ ಅಮೆರಿಕದ ಹೊಸ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಪ್ರಾಧ್ಯಾಪಕರಾದ್ದರಿಂದ ಈ ಕ್ರಮ ಅಟ್ಲಾಂಟಿಕ್ ಸಾಗರವನ್ನೂ ದಾಟಿತು. 1888ರ ಪರಿಷ್ಕೃತ ಆವೃತ್ತಿಯಲ್ಲಿ ಪಾಠಗಳ ಅನುಕ್ರಮವೇ ತಿರುಗಿ, ಕಪ್ಪೆ ಮೊದಲಿಗೆ ಬಂತು. ಸರಳ ಜೀವಿಯಿಂದ ಸಂಕೀರ್ಣ ಜೀವಿಗೆ ಸಾಗುವುದು ತರ್ಕಕ್ಕೆ ಒಪ್ಪುತ್ತದೆ ನಿಜ, ಆದರೆ ಹೊಸ ವಿದ್ಯಾರ್ಥಿಗೆ ಬರಿಗಣ್ಣಿಗೆ ಕಾಣುವ ಹೃದಯ, ಶ್ವಾಸಕೋಶಗಳು ಅಮೀಬಾಕ್ಕಿಂತ ಬೇಗ ಅರ್ಥವಾಗುತ್ತವೆ. ಈ ಬದಲಾವಣೆ ಸರಿಯೆಂದೇ ನನ್ನ ಅಭಿಪ್ರಾಯ. ಹಕ್ಸ್‌ಲಿಯವರ ಕ್ರಮದಿಂದ ಆದ ಲಾಭ ಬಹಳ ದೊಡ್ಡದು. ಆದರೆ ಒಂದು ಕಪ್ಪೆಯನ್ನು ಎಲ್ಲ ಕಪ್ಪೆಗಳ ಪ್ರತಿನಿಧಿಯೆಂದು ನೋಡುವ ಅಭ್ಯಾಸದಲ್ಲಿ, ಒಂದೇ ಪ್ರಭೇದದ ಜೀವಿಗಳ ನಡುವೆ ಇರುವ ವ್ಯತ್ಯಾಸಗಳು, ಅಂದರೆ ವಿಕಾಸಕ್ಕೆ ಆಧಾರವಾದ ಸಂಗತಿಗಳೇ, ಮರೆಯಾಗುತ್ತವೆ. ಹೊರಾಂಗಣದ ಪಾಠಕ್ಕೂ ಸಮಯ ಉಳಿಯುವುದಿಲ್ಲ.

ಪ್ರಶ್ನೆ: ಹಲವು ವಿಶ್ವವಿದ್ಯಾಲಯಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳು ವಿಲೀನವಾಗುತ್ತಿರುವುದೇಕೆ?

ಉತ್ತರ: ಇದಕ್ಕೆ ಮುಖ್ಯ ಕಾರಣ ಆಣ್ವಿಕ ಜೀವವಿಜ್ಞಾನ, ಅಂದರೆ ಜೀವಕ್ರಿಯೆಗಳನ್ನು ಅಣುಗಳ ಮಟ್ಟದಲ್ಲಿ ಅಭ್ಯಸಿಸುವ ಶಾಖೆ. 1953ರಲ್ಲಿ ಡಿಎನ್ಎ ರಚನೆ ತಿಳಿದು, 1960ರ ದಶಕದಲ್ಲಿ ತಳಿ ಸಂಕೇತವನ್ನು (ಪ್ರೋಟೀನುಗಳನ್ನು ಕಟ್ಟಲು ಡಿಎನ್ಎಯಲ್ಲಿರುವ ಸೂಚನೆಗಳ ಲಿಪಿಯನ್ನು) ಬಿಡಿಸಿದ ಮೇಲೆ, ಬ್ಯಾಕ್ಟೀರಿಯಾ, ಗಿಡ, ಪ್ರಾಣಿಗಳಲ್ಲಿ ನಡೆಯುವ ಮೂಲ ಕ್ರಿಯೆ ಹೆಚ್ಚುಕಡಿಮೆ ಒಂದೇ ಎಂಬುದು ಖಚಿತವಾಯಿತು. ಅಲ್ಲಿಂದ ಮುಂದೆ ಜೀವಕೋಶ, ತಳಿಶಾಸ್ತ್ರ, ಪರಿಸರ ಎಂದು ಅಧ್ಯಯನದ ಹಂತಕ್ಕೆ ಅನುಗುಣವಾಗಿ ವಿಭಾಗಗಳನ್ನು ಕಟ್ಟುವುದು ಸಹಜವೆನಿಸಿತು. ಈ ಮರುಜೋಡಣೆಯಲ್ಲಿ ಹೆಚ್ಚು ಸೊರಗಿದ್ದು ವರ್ಗೀಕರಣಶಾಸ್ತ್ರ. ಗಿಡವನ್ನು ಕಂಡೊಡನೆ ಪ್ರಭೇದ ಸಹಿತ ಹೆಸರಿಸಬಲ್ಲ ಅಧ್ಯಾಪಕರು ನಿವೃತ್ತರಾದರೆ ಅನೇಕ ಕಡೆ ಆ ಹುದ್ದೆ ಅದೇ ವಿದ್ಯೆ ಬಲ್ಲವರಿಗೆ ಹೋಗುವುದಿಲ್ಲ. ಒಣಗಿಸಿಟ್ಟ ಸಸ್ಯಸಂಗ್ರಹವನ್ನು ನೋಡಿಕೊಳ್ಳುವವರೂ ಕಡಿಮೆಯಾಗುತ್ತಾರೆ. ವಿಲೀನವನ್ನು ನಾನು ವಿರೋಧಿಸುವುದಿಲ್ಲ, ಆದರೆ ಹೊಸ ವಿಭಾಗದ ಪಠ್ಯಕ್ರಮದಲ್ಲಿ ಪ್ರಭೇದಗಳನ್ನು ಗುರುತಿಸುವ ಕಡ್ಡಾಯ ತರಗತಿಯೊಂದು ಉಳಿಯಲೇಬೇಕೆಂದು ಒತ್ತಾಯಿಸುತ್ತೇನೆ.