ಓದುಗರ ಪ್ರಶ್ನೆ: ಹಿನ್ನೆಲೆಗೆ 12 ಪುಟ ಬೇಕೆ?

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕೆ ವರ್ಜೀನಿಯಾ ವುಲ್ಫ್ ಅವರ ‘ಎ ರೂಮ್ ಆಫ್ ಒನ್ಸ್ ಓನ್’ (ಬರೆಯಲು ಹೆಣ್ಣಿಗೆ ಸ್ವಂತ ಹಣ, ಸ್ವಂತ ಕೋಣೆ ಬೇಕೆನ್ನುವ ಪ್ರಬಂಧ) ಆಯ್ದುಕೊಂಡಿದ್ದೇನೆ. ಮೊದಲ 12 ಪುಟಗಳಲ್ಲಿ ಬ್ರಿಟನ್ನಿನ ಸಾಮಾಜಿಕ ಇತಿಹಾಸ ಬರೆದೆ. ‘ಇದಕ್ಕೂ ಪುಸ್ತಕಕ್ಕೂ ಏನು ಸಂಬಂಧ?’ ಎಂದು ಮಾರ್ಗದರ್ಶಕರು ವಾಪಸು ಕೊಟ್ಟಿದ್ದಾರೆ. ಏನು ಮಾಡಲಿ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಆ 12 ಪುಟ ಬದಿಗಿಡಿ. ಇತಿಹಾಸವನ್ನೆಲ್ಲ ಮೊದಲೇ ಹೇಳಿ ಮುಗಿಸಿದರೆ ಕೃತಿಗೆ ಹೂಂಗುಟ್ಟುವ ಕೆಲಸವಷ್ಟೇ ಉಳಿಯುತ್ತದೆ. ಕೃತಿಯೊಳಗಿನ ಒಂದು ವಸ್ತುವಿನಿಂದ ಹೊರಡಿ.

ನಿಮ್ಮ ಪುಸ್ತಕದಲ್ಲಿ ಅದು ಕಣ್ಣೆದುರೇ ಇದೆ: ನಿರೂಪಕಿಗೆ ಅತ್ತೆ ಬಿಟ್ಟುಹೋದ ವರ್ಷಕ್ಕೆ 500 ಪೌಂಡ್. ಎರಡನೆಯ ಅಧ್ಯಾಯದಲ್ಲಿ ನಿರೂಪಕಿಯ ಊಟದ ಬಿಲ್ಲು 5 ಷಿಲಿಂಗ್ 9 ಪೆನ್ಸ್ ಆಗುತ್ತದೆ. ಅವಳು ಪರ್ಸಿನಿಂದ 10 ಷಿಲಿಂಗಿನ ನೋಟು ತೆಗೆದು ಕೊಡುತ್ತಾಳೆ. ಇದನ್ನು ಇಂದಿನ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ. ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಆಗ 1 ಪೌಂಡಿಗೆ 20 ಷಿಲಿಂಗ್, 1 ಷಿಲಿಂಗಿಗೆ 12 ಪೆನ್ಸ್. 500 ಪೌಂಡ್ ಎಂದರೆ 10,000 ಷಿಲಿಂಗ್, ಅಂಥ ಸುಮಾರು 1,739 ಊಟ, ದಿನಕ್ಕೆ ಹತ್ತಿರಹತ್ತಿರ ಐದು. ಇದೇ ಹೆಂಗಸು ಆ ಹಣ ಬರುವ ಮೊದಲು ಲಕೋಟೆಗಳ ಮೇಲೆ ವಿಳಾಸ ಬರೆದು, ಮುದುಕಿಯರಿಗೆ ಓದಿ ಹೇಳಿ, ಕೃತಕ ಹೂ ಕಟ್ಟಿ ನಾಲ್ಕು ಕಾಸು ಸಂಪಾದಿಸುತ್ತಿದ್ದಳು. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಆಗಿನ ಹೆಣ್ಣಿನ ದುಡಿಮೆಯ ಚರಿತ್ರೆ ಅಲ್ಲೇ ಕಾಣುತ್ತದೆ.

ಇನ್ನು ಕಾನೂನು. ಅತ್ತೆಯ ಹಣ ಬಂದ ಸುದ್ದಿ ಮತ್ತು ಹೆಂಗಸರಿಗೆ ಮತದ ಹಕ್ಕು ಸಿಕ್ಕ ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ಬಂದವು, ಹಣವೇ ದೊಡ್ಡದೆನಿಸಿತು ಎನ್ನುತ್ತಾಳೆ ನಿರೂಪಕಿ. ‘1918ರಲ್ಲಿ ಮಹಿಳೆಯರಿಗೆ ಮತ ಸಿಕ್ಕಿತು’ ಎಂದಷ್ಟೇ ಬರೆದರೆ ತಪ್ಪಾಗುತ್ತದೆ. ಆ ಕಾಯ್ದೆ 30 ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ ಮಾತ್ರ. ಗಂಡಸರಂತೆ 21ಕ್ಕೇ ಹಕ್ಕು ಬಂದದ್ದು 1928ರ ಜುಲೈಯಲ್ಲಿ. ಅದೇ ಅಕ್ಟೋಬರದಲ್ಲಿ ವುಲ್ಫ್ ಕೇಂಬ್ರಿಜ್‌ನ ಮಹಿಳಾ ಕಾಲೇಜುಗಳಲ್ಲಿ ಮಾಡಿದ ಭಾಷಣಗಳೇ 1929ರಲ್ಲಿ ಈ ಪುಸ್ತಕವಾದವು. ಕೇಳುತ್ತ ಕೂತಿದ್ದ ಎಷ್ಟೋ ಹುಡುಗಿಯರಿಗೆ ಮತದ ಹಕ್ಕು ಬಂದು ಆಗಿನ್ನೂ ಮೂರು ತಿಂಗಳು!

ಹೆಚ್ಚಿನವರು ಎಡವುವುದು ಇಲ್ಲೇ: ಕೃತಿ ಕೊಡುವ ಇಸವಿಯನ್ನೇ ಇತಿಹಾಸವೆಂದು ಎತ್ತಿ ಬರೆಯುವುದು. ಕೊನೆಯ ಅಧ್ಯಾಯ ಮತಕ್ಕೆ 1919, ವಿವಾಹಿತೆಯ ಆಸ್ತಿಹಕ್ಕಿಗೆ 1880 ಎನ್ನುತ್ತದೆ. ಕಾಯ್ದೆಗಳು 1918 ಮತ್ತು 1882ರವು. ಅಂತರ ಕಂಡಲ್ಲೆಲ್ಲ ಎರಡನ್ನೂ ಬರೆಯಿರಿ.

ಆ ಅತ್ತೆ ಸತ್ತದ್ದು ಬೊಂಬಾಯಿಯಲ್ಲಿ, ಕುದುರೆಯಿಂದ ಬಿದ್ದು. ನಮ್ಮ ಓದುಗರ ಕಣ್ಣು ಅಲ್ಲಿ ನಿಲ್ಲಲೇಬೇಕು. ಆದರೆ ‘ಇದು ವಸಾಹತಿನ ಹಣ’ ಎಂದು ತೀರ್ಪು ಕೊಡಬೇಡಿ, ಪುಸ್ತಕ ಹಾಗೆ ಹೇಳುವುದಿಲ್ಲ. ಪ್ರಶ್ನೆಯಾಗಿ ಎತ್ತಿ.

ಬರೆಯುವ ಕ್ರಮ ಇಷ್ಟೆ: ಮೊದಲು ಕೃತಿಯ ಸಾಲು, ಆಮೇಲೆ ಒಂದೇ ಒಂದು ಸಾಮಾಜಿಕ ಸಂಗತಿ, ಮತ್ತೆ ಅದೇ ಸಾಲು. ಹಿಂದಿರುಗಿದಾಗ ಸಾಲಿನ ಅರ್ಥ ಬದಲಾಗದಿದ್ದರೆ ಆ ಸಂಗತಿಯನ್ನು ತೆಗೆದುಬಿಡಿ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಇವುಗಳ ವ್ಯತ್ಯಾಸ ಗೊತ್ತಿಲ್ಲದವರಿಗೆ ಕರಾವಳಿಯ ಕಾದಂಬರಿಯಲ್ಲಿ ಒಕ್ಕಲು ಧಣಿಯೆದುರು ಬಾಯಿಬಿಡದೆ ನಿಂತದ್ದು ಬರೀ ಸಂಕೋಚವಾಗಿ ಕಂಡೀತು. ಗೊತ್ತಾದ ಮೇಲೆ ಆ ಮೌನ ಬೇರೆಯೇ. ಅಷ್ಟು ಕೆಲಸ ಮಾಡುವ ಸಂಗತಿಯೇ ಬೇಕು.

ಪ್ರಶ್ನೆ: ಕಾದಂಬರಿಯನ್ನು ಚರಿತ್ರೆಯ ಸಾಕ್ಷ್ಯವಾಗಿ ಬಳಸಬಹುದೆ?
– ಉಪನ್ಯಾಸಕ, ಮಂಗಳೂರು

ಉತ್ತರ: ಬಳಸಬಹುದು, ಆದರೆ ಎಲ್ಲದಕ್ಕೂ ಅಲ್ಲ. ವಾಲ್ಟರ್ ಗ್ರೀನ್‌ವುಡ್‌ರ ‘ಲವ್ ಆನ್ ದ ಡೋಲ್’ (1933) ಇಂಗ್ಲೆಂಡಿನ ಸಾಲ್ಫರ್ಡಿನ ನಿರುದ್ಯೋಗಿಗಳ ಕಥೆ. 1931ರ ಆದಾಯ ಪರಿಶೀಲನೆಯ ನಿಯಮ ಇಡೀ ಮನೆಯ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ಮಗಳು ದುಡಿದರೆ ಮಗನ ನಿರುದ್ಯೋಗ ಭತ್ಯೆಗೆ ಕತ್ತರಿ. ಅದರಿಂದ ಅಡುಗೆಮನೆಯಲ್ಲಿ ಹುಟ್ಟಿದ ಜಗಳ, ಅವಮಾನಗಳಿಗೆ ಕಾದಂಬರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಎಷ್ಟು ಮನೆಗಳಲ್ಲಿ ಹಾಗಾಯಿತು ಎಂಬುದಕ್ಕೆ ಮಾತ್ರ ಅದನ್ನು ಕರೆಯಬೇಡಿ, ಸರಕಾರಿ ವರದಿ ನೋಡಿ. ಬ್ರಿಟಿಷ್ ಸಂಸತ್ತಿನ ಹಳೆಯ ಚರ್ಚೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಾದಂಬರಿ ಪ್ರಕಟವಾದ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳ ಚರ್ಚೆಗಳಿಂದ ಹುಡುಕಾಟ ಶುರುಮಾಡಿ.