ಟ್ಯೂನ್ ಬರೆದವರು ಬೇರೆ, ಹಾಗಿದ್ರೂ ಡೀಲಿಯಾ ಡರ್ಬಿಶೈರ್‌ಗೆ ಯಾಕೆ ಅಷ್ಟು ಹೆಸರು?

ಬಿಬಿಸಿಯ ಟಿವಿ ಸರಣಿ ‘ಡಾಕ್ಟರ್ ಹೂ’ ಶುರುವಾಗುವಾಗ ಬರುವ ಟ್ಯೂನನ್ನು ಡೀಲಿಯಾ ಬರೆದೇ ಇಲ್ಲವಲ್ಲ, ಆಮೇಲೂ ಅವರನ್ನು ಯಾಕೆ ಇಷ್ಟು ಹೊಗಳ್ತಾರೆ ಅಂತ ಕೇಳಿದ್ದೀರಿ. ಬರೆದದ್ದು ರಾನ್ ಗ್ರೇನರ್, ಅದು ನಿಜ. ಆದರೆ ಅವರು ಕೊಟ್ಟದ್ದು ಕಾಗದದ ಮೇಲಿನ ಸ್ವರಗಳನ್ನು. ಅದಕ್ಕೆ ಸದ್ದು ಕೊಟ್ಟವರು ಡೀಲಿಯಾ.

ಇದು 1963ರ ಮಾತು, ಡೀಲಿಯಾ ಕೆಲಸ ಮಾಡ್ತಿದ್ದ ಲಂಡನ್ನಿನ ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪ್‌ನಲ್ಲಿ, ಅಂದರೆ ಕಾರ್ಯಕ್ರಮಗಳಿಗೆ ವಿಶೇಷ ಸದ್ದು ತಯಾರಿಸುವ ವಿಭಾಗದಲ್ಲಿ. ಅಲ್ಲಿ ಸಿಂಥಸೈಜರ್ ಇರಲಿಲ್ಲ. ಇದ್ದದ್ದು ಉಪಕರಣ ಪರೀಕ್ಷೆಗೆ ಬಳಸುವ ಆಸಿಲೇಟರ್‌ಗಳು (ಒಂದೇ ಸಮನೆ ಒಂದು ಸ್ವರ ಹೊರಡಿಸುವ ಯಂತ್ರಗಳು), ಟೇಪ್ ರೆಕಾರ್ಡರ್‌ಗಳು, ಒಂದು ಬ್ಲೇಡು. ಆ ಟ್ಯೂನಿನ ಬೇಸ್, ಅಂದರೆ ಕೆಳಗಿನ ದಪ್ಪ ಸ್ವರಗಳನ್ನು ಕೇಳಿದ್ದೀರಲ್ವಾ, ಅದು ಒಂದು ತಂತಿ ಮೀಟಿದ ಸದ್ದು ಅಷ್ಟೇ. ಅದನ್ನು ಟೇಪಿಗೆ ಹಿಡಿದು, ವೇಗ ಏರಿಸಿ ಇಳಿಸಿ ಬೇರೆಬೇರೆ ಸ್ವರ ತೆಗೆದು, ಒಂದೊಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟುದ್ದಕ್ಕೆ ಟೇಪ್ ಕತ್ತರಿಸಿ, ತುಂಡಿಗೆ ತುಂಡು ಅಂಟಿಸಿ ಇಡೀ ಬೇಸ್ ಕಟ್ಟಿದರು. ಟೇಪ್ ಸೆಕೆಂಡಿಗೆ 15 ಇಂಚು ಓಡಿದರೆ ಅರ್ಧ ಸೆಕೆಂಡಿನ ಸ್ವರಕ್ಕೆ ಏಳೂವರೆ ಇಂಚು ಬೇಕು. ತಾಳವನ್ನು ಇಂಚಿನಲ್ಲಿ ಅಳೆಯೋ ಕೆಲಸ ಇದು! ಬೇಸಿಗೆ ಒಂದು ಟೇಪು, ರಾಗಕ್ಕೆ ಇನ್ನೊಂದು. ಎಲ್ಲವನ್ನೂ ಬೇರೆಬೇರೆ ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿ ಸೇರಿಸಿದರು. ಈ ಕೆಲಸದಲ್ಲಿ ಸಹಾಯಕ್ಕೆ ಜೊತೆಗಿದ್ದವರು ಡಿಕ್ ಮಿಲ್ಸ್. ಕೇಳಿದ ಗ್ರೇನರ್ ‘ಇದು ನಾನು ಬರೆದದ್ದಾ?’ ಅಂತ ಬೆರಗಾದರಂತೆ. ಡೀಲಿಯಾಗೂ ಪಾಲು ಸಿಗಬೇಕು ಅಂತ ಗ್ರೇನರ್ ಬಯಸಿದರು, ಬಿಬಿಸಿ ಒಪ್ಪಲಿಲ್ಲ. ಈ ಸರಣಿಯ ತೆರೆಯ ಮೇಲೆ ಆ ಟ್ಯೂನಿಗಾಗಿ ಡೀಲಿಯಾ ಹೆಸರು ಬಂದದ್ದು 2013ರಲ್ಲಿ. ಅವರು 2001ರಲ್ಲೇ ತೀರಿಕೊಂಡಿದ್ದರು. ನೆನೆದರೆ ಈಗಲೂ ಸಿಟ್ಟು ಬರುತ್ತೆ ನನಗೆ.

ಡೀಲಿಯಾ ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಯುದ್ಧದ ಕಾಲದಲ್ಲಿ ಕೇಳಿದ ಸೈರನ್‌ಗಳೇ ಇಂಥ ಸದ್ದಿನ ಹುಚ್ಚು ಹಿಡಿಸಿದ್ದು ಅಂತ ಅವರೇ ಹೇಳಿದ್ದಾರೆ. ಕೇಂಬ್ರಿಜ್‌ನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿ ಡೆಕ್ಕಾ ರೆಕಾರ್ಡ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದರೆ, ಸ್ಟುಡಿಯೋಗೆ ಹೆಂಗಸರನ್ನು ತೆಗೆದುಕೊಳ್ಳಲ್ಲ ಅಂದುಬಿಟ್ಟರು.

ನನಗೆ ‘ಡಾಕ್ಟರ್ ಹೂ’ಗಿಂತ ಜಾಸ್ತಿ ಇಷ್ಟ ‘ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್’ (ನೀಲಿ ಮುಸುಕು, ಹೊನ್ನ ಮರಳು). ಸಹಾರಾದ ಟುವಾರೆಗ್ ಜನರ ಬಗೆಗಿನ ಸಾಕ್ಷ್ಯಚಿತ್ರಕ್ಕೆ ಮಾಡಿದ್ದು, ಇದು ಪೂರ್ತಿ ಅವರದೇ. ಸ್ಟುಡಿಯೋದಲ್ಲಿ ಹಸಿರು ಬಣ್ಣದ ಲೋಹದ ಲ್ಯಾಂಪ್‌ಶೇಡ್ ಒಂದಿತ್ತು. ಅದನ್ನು ತಟ್ಟಿ ರೆಕಾರ್ಡ್ ಮಾಡಿದರು. ಮೊದಲಿನ ‘ಟಣ್’ ಅನ್ನೋ ಪೆಟ್ಟನ್ನು ಕತ್ತರಿಸಿ ಎಸೆದು, ಉಳಿದ ಗುಂಯ್‌ಗುಡುವಿಕೆಯಲ್ಲಿ ಯಾವ್ಯಾವ ಕಂಪನ ಇದೆ ಅಂತ ಬಿಡಿಸಿ ನೋಡಿ, ಅದನ್ನೇ ಆಸಿಲೇಟರ್‌ಗಳಿಂದ ಮತ್ತೆ ಕಟ್ಟಿದರು. ಒಂಟೆಗಳ ಹೆಜ್ಜೆ ಸಪ್ಪಳ ಅವರದೇ ದನಿಯ ತುಂಡುಗಳು. ಸುಮ್ನೆ ಕಿವಿಗೆ ಬಿದ್ದರೆ ಇದ್ಯಾವುದೂ ಗೊತ್ತಾಗಲ್ಲ, ಮರಳುಗಾಡಿನ ಬಿಸಿಲಷ್ಟೇ ಕಣ್ಣಿಗೆ ಕಟ್ಟುತ್ತೆ.

1973ರಲ್ಲಿ ಬಿಬಿಸಿ ಬಿಟ್ಟರು. ತೀರಿಕೊಂಡ ಮೇಲೆ ಅವರ ಮನೆಯ ಅಟ್ಟದಲ್ಲಿ 267 ಟೇಪ್‌ಗಳು ಸಿಕ್ಕವು, ಈಗ ಮ್ಯಾಂಚೆಸ್ಟರ್‌ನಲ್ಲಿವೆ. ಬರೀ ಟ್ಯೂನ್ ಹಾಕಿದವರನ್ನಷ್ಟೇ ಸಂಗೀತಗಾರರು ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ ಇದನ್ನೆಲ್ಲ ಎಲ್ಲಿಡ್ತೀರಿ ಹೇಳಿ? 1963ರ ಮೂಲ ರೆಕಾರ್ಡಿಂಗನ್ನೇ ಹುಡುಕಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಆಮೇಲಿನ ಆವೃತ್ತಿಗಳು ಬೇಡ.