ಸಾಕಿದ ಕಪ್ಪೆಗೆ ಹುಬ್ಬಳ್ಳಿಯ ನಳದ ನೀರು ನೇರವಾಗಿ ಹಾಕಬಹುದೇ?

ಬೇಡ. ನಳದ ನೀರನ್ನು ಅಗಲ ಬಾಯಿಯ ಬಕೆಟ್‌ನಲ್ಲಿ ಹಿಡಿದು, ಮುಚ್ಚದೆ 24ರಿಂದ 48 ತಾಸು ಇಟ್ಟು ಆಮೇಲೆ ಹಾಕಿ. ಕಪ್ಪೆ ನಮ್ಮಂತೆ ಬಾಯಿಂದ ನೀರು ಕುಡಿಯುವುದಿಲ್ಲ; ನೀರಿನಲ್ಲಿ ಕುಳಿತು ಹೊಟ್ಟೆ, ತೊಡೆಗಳ ತೆಳು ಚರ್ಮದಿಂದ ಹೀರುತ್ತದೆ. ನೀರು ಶುದ್ಧ ಮಾಡಲು ಬೆರೆಸಿದ ಕ್ಲೋರಿನ್ ಆ ಚರ್ಮಕ್ಕೇ ಪೆಟ್ಟು ಕೊಡುತ್ತದೆ. ತೆರೆದಿಟ್ಟರೆ ಅದು ಗಾಳಿಗೆ ಹಾರಿಹೋಗುತ್ತದೆ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯವರು ಬ್ಯಾರಲ್‌ನಲ್ಲಿ ಬಿಗಿಯಾಗಿ ಮುಚ್ಚಿಟ್ಟ ನೀರನ್ನೂ ಹೀಗೇ ತೆರೆದಿಟ್ಟು ಬಳಸಿ.

ತಟ್ಟೆಯಲ್ಲಿ ನೀರು ಕಪ್ಪೆಯ ಗದ್ದ ದಾಟಬಾರದು. ದಿನಾ ಬದಲಿಸಿ, ಏಕೆಂದರೆ ತನ್ನದೇ ಉಚ್ಚೆಯ ಅಮೋನಿಯಾವನ್ನೂ ಅದು ಅದೇ ಚರ್ಮದಿಂದ ಹೀರಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ಮಾಳಿಗೆಯ ಟಾಕಿ ನೀರನ್ನಂತೂ ಕೋಣೆಯ ತಂಪಿಗೆ ಇಳಿಸದೆ ಹಾಕಲೇಬೇಡಿ.